ಕಂಡಿತೆಂದು ನಾನು ಹೇಳಲಿಲ್ಲ

ನನ್ನ ಮದುವೆ ನಡೆದದ್ದು ಹೊಸಕೋಟೆಯ ಹತ್ತಿರದ ನನ್ನ ತವರಿನಲ್ಲಿ, ವೈಶಾಖದ ಉರಿಬಿಸಿಲಿನಲ್ಲಿ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಕ್ಕರೆ, ಸೀಮೆಎಣ್ಣೆ, ಸೀರೆ ಎಲ್ಲಕ್ಕೂ ತತ್ವಾರ. ಬೆಳಗಿನ ಜಾವದಿಂದ ನನ್ನನ್ನು ಉಪವಾಸ ಕೂರಿಸಿದ್ದರು. ಹೋಮದ ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಧಾರೆ ಮುಗಿದು, ಸಪ್ತಪದಿ ತುಳಿದು, ನಡುಮಧ್ಯಾಹ್ನದ ಹೊತ್ತಿಗೆ ಜೋಯಿಸರು ನಮ್ಮಿಬ್ಬರನ್ನೂ ಚಪ್ಪರದಿಂದ ಆಚೆ ಕರೆದುಕೊಂಡು ಹೋಗಿ ಆಕಾಶದತ್ತ ಕೈ ತೋರಿಸಿದರು.

“ಅಗೋ ನೋಡಮ್ಮ, ಅರುಂಧತಿ ನಕ್ಷತ್ರ. ಕಂಡಿತೇ?”

ಕಾದು ಬೆಳ್ಳಗಾದ ಆಕಾಶ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಇದು ಶಾಸ್ತ್ರ, ‘ಕಂಡಿತು’ ಅನ್ನಬೇಕು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಕ್ಕಂದಿರೆಲ್ಲ ತಲೆಯನ್ನೂ ಎತ್ತದೆ ‘ಕಂಡಿತು’ ಅಂದದ್ದನ್ನು ನಾನೇ ನೋಡಿದ್ದೆ. ಆದರೆ ಬೆಳಗಿನಿಂದ ಕೂರು ಅಂದಲ್ಲಿ ಕೂತು, ಏಳು ಅಂದಾಗ ಎದ್ದು, ಕೈ ಚಾಚು ಅಂದಾಗ ಚಾಚಿ ನನಗೆ ಸಾಕಾಗಿತ್ತು. ತಲೆ ಎತ್ತಿ ನಿಜವಾಗಿಯೂ ನೋಡಿದೆ.

“ಇಲ್ಲ,” ಅಂದೆ.

ಓಲಗದವರು ಊದುವುದನ್ನು ನಿಲ್ಲಿಸಿ ನಮ್ಮತ್ತ ತಿರುಗಿದರು. ಜೋಯಿಸರು ನನಗೆ ಕೇಳಿಸಲಿಲ್ಲವೆಂದುಕೊಂಡು, “ಸರಿಯಾಗಿ ನೋಡಮ್ಮ, ಉತ್ತರಕ್ಕೆ,” ಅಂದರು.

“ಬಿಸಿಲಿದೆ ಸ್ವಾಮಿ. ಏನೂ ಕಾಣಿಸ್ತಿಲ್ಲ.”

ಹಿಂದೆ ನಿಂತಿದ್ದ ನನ್ನ ಸೋದರತ್ತೆ ಸೊಂಟ ಹಿಡಿದು ಚಿವುಟಿದರು. ನಾನು ತುಟಿ ಬಿಗಿದುಕೊಂಡೆ. ಆಗ ಪಕ್ಕದಲ್ಲಿದ್ದ ಮದುಮಗ ಗಟ್ಟಿಯಾಗಿ, “ಕಂಡಿತು, ಇಬ್ಬರಿಗೂ ಕಂಡಿತು,” ಅಂದುಬಿಟ್ಟರು. ಜನ ಹೋ ಎಂದು ನಕ್ಕು ಊಟಕ್ಕೆ ಎದ್ದರು. ನಗದೆ ನಿಂತವರು ಒಬ್ಬರೇ, ಮದುಮಗನ ತಾಯಿ, ನನ್ನ ಅತ್ತೆ.

ಅತ್ತೆಯ ಮನೆ ಆವತಿಯಲ್ಲಿ. ಮಣ್ಣಿನ ಮಾಳಿಗೆಯ ದೊಡ್ಡ ಮನೆ, ಹಿತ್ತಲಲ್ಲಿ ಒಂದು ಚಕ್ಕೋತದ ಮರ, ಉತ್ತರಕ್ಕೆ ತಿರುಗಿದರೆ ನಂದಿ ಬೆಟ್ಟ. ಮನೆಯಲ್ಲಿ ಮಾವ, ಅತ್ತೆ, ಮದುವೆಯಾಗದ ನಾದಿನಿ ಮತ್ತು ನಾನು. ನನ್ನ ಗಂಡ ಬೆಂಗಳೂರಿನ ಒಂದು ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಶನಿವಾರ ಸಂಜೆ ಚಿಕ್ಕ ರೈಲಿನಲ್ಲಿ ಬಂದು ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು.

ನಾನು ಆ ಮನೆಗೆ ಹೋದ ವಾರವೇ ಒಂದು ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ನನ್ನನ್ನೂ ನಾದಿನಿಯನ್ನೂ ಕರೆದು ಏಣಿ ಹತ್ತಿಸಿದರು. ಮಾಳಿಗೆಯ ಮೇಲೆ ಹಗಲಿನ ಕಾವು ಇನ್ನೂ ಆರಿರಲಿಲ್ಲ. ಅತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಟ್ಟದ ಕಡೆಗೆ ತಿರುಗಿಸಿದರು.

“ಅಲ್ ನೋಡು. ಮಂಚದ ಕಾಲಂಗೆ ನಾಕು ಚುಕ್ಕಿ. ಅದನ್ನ ಎಳ್ಕೊಂಡು ಹೋಗ್ತಿರೋವು ಮೂರು. ಆ ಮೂರರಾಗೆ ನಡುವಿನದು ವಸಿಷ್ಠ. ಅದಕ್ಕಂಟಿಕೊಂಡಂಗೆ ಒಂದು ಸಣ್ಣದೈತೆ, ಅದೇ ಅರುಂಧತಿ. ಹಗಲೊತ್ತು ಕಾಣ್ಲಿಲ್ಲ ಅಂದೆ. ಈಗ ಕಾಣ್ತೈತೇನು?”

ನೋಡಿದೆ. ನಾಲ್ಕು ಮತ್ತು ಮೂರು ಇದ್ದವು. ಆದರೆ ನಡುವಿನದು ನನಗೆ ಕಾಗದದ ಮೇಲೆ ಬಿದ್ದ ಎಣ್ಣೆಯ ಕಲೆಯಂತೆ ಹರಡಿಕೊಂಡಿತ್ತು. ಎಲ್ಲ ನಕ್ಷತ್ರಗಳೂ ನನಗೆ ಚಿಕ್ಕಂದಿನಿಂದ ಹಾಗೆಯೇ. ಎಲ್ಲರಿಗೂ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಆ ಕಲೆಯ ಪಕ್ಕದಲ್ಲಿ ಇನ್ನೊಂದು ಇರಲಿಲ್ಲ.

“ಅಯ್ಯೋ ಅತ್ಗೆ, ಎಷ್ಟು ಚೆಂದಾಗಿ ಕಾಣ್ತೈತೆ,” ಅಂದಳು ನಾದಿನಿ. “ಹಸೀನ ಪಕ್ಕ ಕರ ನಿಂತಂಗೆ.”

“ನನಗೆ ಕಾಣಿಸ್ತಿಲ್ಲ ಅತ್ತೆ.”

“ಹಠ ಮಾಡ್ತೀಯಾ?”

“ಹಠ ಅಲ್ಲ. ಕಾಣಿಸ್ತಿಲ್ಲ.”

ಅತ್ತೆಯ ಕೈ ನನ್ನ ಗಲ್ಲದಿಂದ ಜಾರಿತು. ಏಣಿ ಇಳಿದು ಹೋದರು. ಆಮೇಲೆ ನಾದಿನಿ ಕಿವಿಯಲ್ಲಿ ಹೇಳಿದಳು: ಅರುಂಧತಿ ಕಾಣದೆ ಹೋದವರಿಗೆ ಆರು ತಿಂಗಳಿಗಿಂತ ಆಯುಸ್ಸಿಲ್ಲವಂತೆ. ಹೆಂಡತಿಗೆ ಕಾಣದಿದ್ದರೆ ಗಂಡನಿಗೂ ಕಂಟಕವಂತೆ. ಅತ್ತೆಗೆ ಇದ್ದವನು ಒಬ್ಬನೇ ಮಗ.

ನನಗೂ ಹೆದರಿಕೆಯಾಯಿತು. ಆಗ ನನಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಹೆದರಿಕೆ ಆದಷ್ಟೂ ಸಿಟ್ಟು ಹೆಚ್ಚಾಯಿತು. ಕಾಣದ್ದನ್ನು ಕಾಣದು ಎಂದದ್ದಕ್ಕೆ ಸಾಯಬೇಕೇ?

ಅತ್ತೆ ಜೋಯಿಸರನ್ನು ವಿಚಾರಿಸಿಕೊಂಡು ಬಂದರು. ಪರಿಹಾರ ಸುಲಭವಾಗಿಯೇ ಇತ್ತು. ಗುಡಿಯಲ್ಲಿ ದೇವರ ಮುಂದೆ ನಿಂತು ‘ಕಂಡೆ’ ಎಂದು ನಾನು ಒಂದು ಸಲ ಹೇಳಬೇಕು, ಹಣ್ಣುಕಾಯಿ ಮಾಡಿಸಬೇಕು, ಅಷ್ಟೇ.

“ಒಂದ್ ಮಾತು ಕಣಮ್ಮಿ. ಅಂದ್ಬಿಟ್ರೆ ನಿನ್ ಬಾಯೇನ್ ಸವ್ದೋಗ್ತದಾ?”

“ಕಂಡ ದಿನ ನಾನೇ ಬಂದು ಹೇಳ್ತೀನಿ ಅತ್ತೆ. ಅಲ್ಲೀತನಕ ಅನ್ನಲ್ಲ.”

“ನನ್ ಮಗುಂಗೆ ಏನಾದ್ರೂ ಆಗ್ಲಿ, ಆಮೇಲೈತೆ.”

“ಸುಳ್ಳು ಹೇಳಿದ್ರೆ ಅವರ ಆಯುಸ್ಸು ಹೆಚ್ಚುತ್ತಾ?”

ಅತ್ತೆ ಒನಕೆ ತೆಗೆದುಕೊಂಡು ಕುಟ್ಟತೊಡಗಿದರು. ಆ ದಿನ ಅವರು ಕುಟ್ಟಿದ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

ವಿಷಯ ಊರಲ್ಲಿ ಹರಡಲು ಹೆಚ್ಚು ದಿನ ಹಿಡಿಯಲಿಲ್ಲ. ಎದುರು ಮನೆಯ ಹುಡುಗಿಯ ಮದುವೆಗೆ ಸೋಬಾನೆ ಹಾಡಲು ಎಲ್ಲ ಹೆಂಗಸರನ್ನೂ ಕರೆದರು, ನನ್ನೊಬ್ಬಳನ್ನು ಬಿಟ್ಟು. ನನ್ನ ದನಿ ಚೆನ್ನಾಗಿತ್ತು. ಅವರು ಅಲ್ಲಿ ಹಾಡುವಾಗ ನಾನು ನಮ್ಮ ಜಗುಲಿಯಲ್ಲಿ ರಾಗಿ ಕೇರುತ್ತ ಅದೇ ಹಾಡನ್ನು ಅವರಿಗಿಂತ ಗಟ್ಟಿಯಾಗಿ ಹೇಳಿಕೊಂಡೆ. ಇದಕ್ಕೂ ಬೈಸಿಕೊಂಡೆ.

ಶನಿವಾರ ಬಂದ ಗಂಡನ ಮೇಲೆ ನನ್ನ ಸಿಟ್ಟೆಲ್ಲ ತಿರುಗಿತು. “ನನಗೆ ಕಂಡಿತು ಅಂತ ನೀವ್ಯಾಕೆ ಹೇಳಿದ್ರಿ? ನನ್ನ ಕಣ್ಣು ನಿಮಗೆ ಹೇಗೆ ಗೊತ್ತು?”

ಅವರು, “ಜನ ಹಸಿದಿದ್ರು. ನನಗೂ ಹಸಿವಾಗಿತ್ತು,” ಅಂದರು.

ನನಗೆ ನಗು ಬಂತು. ಆದರೂ ರಾಜಿಯಾಗಲಿಲ್ಲ. “ನನಗೆ ಆ ನಕ್ಷತ್ರ ತೋರಿಸಿ. ಹೇಗಾದರೂ ತೋರಿಸಿ. ಕಂಡರೆ ಕಂಡಿತು ಅಂತೀನಿ, ಇಲ್ಲದಿದ್ರೆ ಸಾಯೋ ತನಕ ಇಲ್ಲ ಅಂತೀನಿ.”

ಅವರು ಮಾತಿನಲ್ಲಿ ಚುರುಕಿನವರಲ್ಲ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಎರಡೋ ಮೂರೋ ವಾರ ಕಳೆದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ದುರ್ಬೀನು ತಂದರು. ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದ್ದು, ಹಿಂದಿನ ಯುದ್ಧದ ಕಾಲದ್ದಂತೆ. ಒಂದರೊಳಗೊಂದು ಸೇರುವ ಹಿತ್ತಾಳೆಯ ಕೊಳವೆಗಳು, ಮೇಲೆ ಹರಿದ ಚರ್ಮ, ಮುಂದಿನ ಗಾಜಿನ ಅಂಚಿನಲ್ಲಿ ಒಂದು ಸೀಳು. ಸಡಿಲವಾಗಿದ್ದ ಕೊಳವೆಗೆ ಅವರೇ ವರ್ಕ್‌ಶಾಪಿನ ಲೇತ್ ಯಂತ್ರದಲ್ಲಿ ಬಳೆ ಕಡೆದು ಕೂರಿಸಿದ್ದರು.

ಮೊದಲ ಸಂಜೆ ನಮಗೆ ಏನೂ ಸಿಗಲಿಲ್ಲ. ಕೈಯಲ್ಲಿ ಹಿಡಿದರೆ ನಕ್ಷತ್ರ ಮಿಣುಕುಹುಳದ ಹಾಗೆ ಹಾರಾಡುತ್ತಿತ್ತು. ಉಸಿರು ಬಿಟ್ಟರೆ ಹೋಯಿತು, ಎದೆ ಬಡಿದುಕೊಂಡರೂ ಹೋಯಿತು. ಮರುದಿನ ಗೋಣಿಚೀಲಕ್ಕೆ ಮರಳು ತುಂಬಿ ಮಾಳಿಗೆಯ ಮೋಟುಗೋಡೆಯ ಮೇಲೆ ಇಟ್ಟು, ಅದರ ನಡುವೆ ಗುಳಿ ಮಾಡಿ ದುರ್ಬೀನನ್ನು ಮಲಗಿಸಿದೆವು. ಈಗ ಅಲುಗಾಟ ನಿಂತಿತು, ಆದರೆ ಹುಡುಕುವುದು ಇನ್ನೂ ಕಷ್ಟವಾಯಿತು. ಅಷ್ಟು ದೊಡ್ಡ ಆಕಾಶದಲ್ಲಿ ಆ ಕೊಳವೆ ತೋರಿಸುತ್ತಿದ್ದದ್ದು ಒಂದು ಬಳೆಯಗಲದಷ್ಟೂ ಇಲ್ಲ. ಕಣ್ಣಿಟ್ಟರೆ ಬರೀ ಕಪ್ಪು. ಎಲ್ಲಿದ್ದೇವೆಂದೇ ಗೊತ್ತಾಗುವುದಿಲ್ಲ.

ಉಪಾಯ ಹೊಳೆದದ್ದು ನನಗೇ. ಸೂಜಿಗೆ ದಾರ ಪೋಣಿಸುವಾಗ ಸೂಜಿಯನ್ನೇ ದಿಟ್ಟಿಸಿದರೆ ಆಗುವುದಿಲ್ಲ, ದಾರದ ತುದಿಯನ್ನು ನಿಧಾನವಾಗಿ ತರಬೇಕು. ಎರಡೂ ಕಣ್ಣು ತೆರೆದಿಟ್ಟು ಒಂದು ದೊಡ್ಡ ನಕ್ಷತ್ರದ ಮೇಲೆ ಕೊಳವೆ ತಂದೆ. ಅದನ್ನು ಕಳೆದುಕೊಳ್ಳದಂತೆ ಬೆರಳಿನಿಂದ ತಳ್ಳಿ ಪಕ್ಕದ್ದಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ಮಂಚ ಎಳೆಯುವ ಆ ಮೂರರ ತುದಿಯಿಂದ ವಸಿಷ್ಠನಿಗೆ ಬಂದೆ. ಆದರೆ ಬಂದರೂ ಅದೇ ಎಣ್ಣೆಯ ಕಲೆ.

“ಚೆನ್ನಾಗಿ ಕಾಣ್ತಿದೆಯಲ್ಲ,” ಅಂದರು ಗಂಡ, ತಾವು ನೋಡಿ.

“ನನಗಿಲ್ಲ.” ಸಿಟ್ಟಿನಿಂದ ಕೊಳವೆಯನ್ನು ಒಂದು ಬೆರಳಿನಷ್ಟು ಒಳಕ್ಕೆ ದೂಡಿದೆ.

ಕಲೆ ಕುಗ್ಗಿತು. ಇನ್ನೂ ಸ್ವಲ್ಪ ದೂಡಿದೆ. ಅದು ಕುಗ್ಗುತ್ತ ಕುಗ್ಗುತ್ತ ಸೂಜಿಮೊನೆಯಾಗಿ ನಿಂತುಬಿಟ್ಟಿತು. ನಕ್ಷತ್ರವೆಂದರೆ ಒಂದು ಚುಕ್ಕಿ ಎಂಬುದನ್ನು ನಾನು ಮೊದಲು ಕಂಡದ್ದು ಆಗ. ವಸಿಷ್ಠ ಒಂದಲ್ಲ, ತಬ್ಬಿಕೊಂಡ ಎರಡು ಕಾಳು. ಅದರಿಂದ ದೂರದಲ್ಲಿ ಶುಭ್ರವಾಗಿ ಅರುಂಧತಿ. ನಾನು ನೋಡುತ್ತಲೇ ಇದ್ದೆ. ಆಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅವೆರಡರ ನಡುವೆ, ಒಂದು ಪಕ್ಕಕ್ಕೆ, ಬಹಳ ಮಂಕಾದ ಮೂರನೆಯದೊಂದು. ನೇರವಾಗಿ ನೋಡಿದರೆ ಮಾಯ. ಅರುಂಧತಿಯನ್ನು ನೋಡುತ್ತ ಅದರ ಗೊಡವೆ ಬಿಟ್ಟರೆ ಮೆಲ್ಲಗೆ ಬರುತ್ತಿತ್ತು. ಗಂಡನನ್ನು ಕರೆದೆ. ಅವರಿಗೆ ಕಾಣಲಿಲ್ಲ.

“ಅದನ್ನ ನೋಡಬೇಡಿ. ಅರುಂಧತೀನ ನೋಡಿ, ತಾನೇ ಬರುತ್ತೆ.”

ಸ್ವಲ್ಪ ಹೊತ್ತಾದ ಮೇಲೆ “ಹೂಂ, ಇದೆ,” ಎಂದು ಪಿಸುಗುಟ್ಟಿದರು. ಆಮೇಲೆ ಕೊಳವೆಯನ್ನು ತಮ್ಮ ಅಳತೆಗೂ ನನ್ನ ಅಳತೆಗೂ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ, “ನಿನ್ನ ಕಣ್ಣಲ್ಲೇ ಏನೋ ವ್ಯತ್ಯಾಸ ಇದೆ. ಕನ್ನಡಕ ಬೇಕೇನೋ,” ಅಂದರು. ಇಷ್ಟು ವರ್ಷ ಯಾರಿಗೂ ಹೊಳೆಯದ ಮಾತು.

ಆಡಿದ ಮಾತಿನಂತೆ ಇಳಿದು ಹೋಗಿ ಅತ್ತೆಯ ಮುಂದೆ ನಿಂತೆ. “ಅತ್ತೆ, ಈಗ ಕಂಡಿತು.”

ಅತ್ತೆ ಒಲೆಯಿಂದ ಮುಖ ತಿರುಗಿಸಲಿಲ್ಲ. “ಕೊಳವೇಲಿ ನೋಡಿದ್ದು ಲೆಕ್ಕಕ್ಕಿಲ್ಲ. ದೇವ್ರು ಕೊಟ್ ಕಣ್ಣಾಗೆ ಕಾಣ್ಬೇಕು.”

ನಡುಮನೆಯಲ್ಲಿ ಮಾವ ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಪಂಚಾಂಗ ನೋಡುತ್ತಿದ್ದರು. “ಮಾವ ಕನ್ನಡಕದಲ್ಲಿ ನೋಡಿ ಹೇಳೋ ತಿಥಿಗೆ ನೀವು ಉಪವಾಸ ಮಾಡ್ತೀರಲ್ಲ ಅತ್ತೆ, ಅದು ಲೆಕ್ಕಕ್ಕಿದೆಯಾ?” ಅಂದೆ. ಮಾವ ಪಂಚಾಂಗವನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡರು. ಪಂಚಾಂಗ ಅಲುಗುತ್ತಿತ್ತು.

ಮಾರನೆಯ ದಿನ ಗಂಡ ಬೆಂಗಳೂರಿಗೆ ಹೋದ ಮೇಲೆ ಸಂಜೆ ನೋಡಿದರೆ ಗೋಡೆಗೆ ಆನಿಸಿದ್ದ ಏಣಿ ಇಲ್ಲ. ಅತ್ತೆ ಅದನ್ನು ದನದ ಕೊಟ್ಟಿಗೆಗೆ ಸಾಗಿಸಿದ್ದರು. ನಾನು ಕೊಟ್ಟಿಗೆಗೆ ಹೋಗಿ, ಏಣಿಯನ್ನು ಒಬ್ಬಳೇ ಎಳೆದುಕೊಂಡು, ಜಗುಲಿಯ ಮೇಲೆ ಕೂತಿದ್ದ ಹೆಂಗಸರ ಮುಂದೆಯೇ ಹಾದು, ತಂದು ನಿಲ್ಲಿಸಿ ಹತ್ತಿದೆ. ಬೆಳಗ್ಗೆ ಅದು ಮತ್ತೆ ಕೊಟ್ಟಿಗೆಯಲ್ಲಿತ್ತು. ಸಂಜೆ ಮತ್ತೆ ತಂದೆ. ಮಳೆ ಹಿಡಿದ ಮೇಲೂ ಏಣಿ ಹೀಗೆಯೇ ಓಡಾಡಿತು. ನನ್ನ ಭುಜ ಊದಿಕೊಂಡಾಗ ಅತ್ತೆಯೇ ಹರಳೆಣ್ಣೆ ಬಿಸಿ ಮಾಡಿ ಒತ್ತಿದರು, ಬೈಯುತ್ತಲೇ. ಮರುಬೆಳಗ್ಗೆ ಏಣಿ ಕೊಟ್ಟಿಗೆಗೆ ಹೋಗಿತ್ತು.

ಮಳೆಗಾಲದಲ್ಲಿ ಮೋಡ ಸರಿದಾಗಲೆಲ್ಲ ನಾನು ಬೇರೆ ಬೇರೆ ಮಂಕು ನಕ್ಷತ್ರಗಳನ್ನು ಹುಡುಕುವುದು ಕಲಿತೆ. ಹೆಸರು ಗೊತ್ತಿಲ್ಲದವಕ್ಕೆ ನಾನೇ ಹೆಸರಿಟ್ಟೆ. ಸೀಮೆಎಣ್ಣೆಗೆ ಬರವಿದ್ದುದರಿಂದ ಊರಲ್ಲಿ ಬೇಗ ದೀಪ ಆರುತ್ತಿತ್ತು. ನನಗೆ ಅದೇ ಬೇಕಾಗಿತ್ತು.

ದಸರಾ ಕಳೆದು ಆಕಾಶ ತಿಳಿಯಾದ ಮೇಲೆ ಪಟೇಲರಿಂದ ಮಾವನಿಗೆ ಕರೆ ಬಂತು. ಸೊಸೆಯನ್ನೂ ಆ ದುರ್ಬೀನನ್ನೂ ಕರೆದುಕೊಂಡು ಬರಬೇಕೆಂದು. ಮಾವ ಹೊರಟರು, ಹಿಂದೆ ನಾನು. ಪಟೇಲರ ಜಗುಲಿಯಲ್ಲಿ ನಾಲ್ಕಾರು ಹಿರಿಯರು ಕೂತಿದ್ದರು.

“ಏನಮ್ಮ, ಹೊತ್ ಮುಳುಗಿದ್ ಮೇಲೆ ಮಾಳಿಗೆ ಹತ್ತಿ ಊರ್ನೋರ ಹಿತ್ಲು ನೋಡ್ತೀಯಂತೆ,” ಅಂದರು ಪಟೇಲರು. “ಹೆಂಗಸ್ರು ಬಚ್ಚಲಿಗೆ ಹೋಗಾಕೂ ಹೆದರ್ತಾವ್ರೆ.”

“ಕತ್ತಲಲ್ಲಿ ಹಿತ್ತಲು ಕಾಣಿಸಲ್ಲ ಪಟೇಲ್ರೇ. ಬೇಕಾದ್ರೆ ಇವತ್ತು ಸಂಜೆ ಬಂದು ನೀವೇ ಕಣ್ಣಿಟ್ಟು ನೋಡಿ.”

“ನಿನ್ನತ್ರ ಪಾಠ ಹೇಳಿಸ್ಕೊಳಾಕೆ ಕರೆಸ್ಲಿಲ್ಲ. ಅದು ಮಿಲಿಟ್ರಿ ಸಾಮಾನು. ಯುದ್ಧದ ಕಾಲ. ಇಲ್ಲಿಟ್ಟು ಹೋಗು.”

ದುರ್ಬೀನು ನನ್ನ ಸೆರಗಿನೊಳಗಿತ್ತು. “ಇಡಲ್ಲ,” ಅಂದೆ. ಅದನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ. ಇನ್ನೊಂದು ಸಲ ಹೇಳಿದೆ. “ಕೊಂಡು ತಂದಿದ್ದು. ಕದ್ದಿದ್ದಲ್ಲ. ಇಡಲ್ಲ.”

ಮಾವ, “ಕೊಟ್ಬಿಡಮ್ಮ, ಯಾಕ್ ರಗಳೆ,” ಎಂದು ಶುರುಮಾಡಿದ್ದರು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. ಸಗಣಿ ಮೆತ್ತಿದ ಕೈಯನ್ನೂ ತೊಳೆಯದೆ ಬಂದಿದ್ದರು.

“ಅದ್ಯಾರ್ ಮನೆ ಮಾಳಿಗೆ? ನನ್ನತ್ತೆ ತಲೆ ಮೇಲೆ ಮಣ್ಣು ಹೊತ್ತು ಹಾಕ್ಸಿದ ಮಾಳಿಗೆ. ಅದರ ಮೇಲೆ ನನ್ ಸೊಸೆ ಕುಂತ್ಕೊಳ್ಳಲಿ, ನಿಂತ್ಕೊಳ್ಳಲಿ, ಕೇಳೋದು ನಾನು. ಬೈಯೋದೂ ನಾನೇ. ನಿಮ್ಗೇನ್ರಪ್ಪ ಅದ್ರಾಗೆ ಕೆಲ್ಸ?”

“ಅಮಲ್ದಾರ್ರಿಗೆ ಬರೀಬೇಕಾಯ್ತದೆ,” ಅಂದರು ಪಟೇಲರು.

“ಬರ್ಕಳಿ. ಹಿತ್ಲು ಬಚ್ಚಲು ಎಲ್ಲಾನೂ ಸೇರಿಸ್ಕೊಂಡು ಬರೀರಿ. ಓದಿ ನಗ್ಲಿ.”

ಹಿರಿಯರಲ್ಲಿ ಒಬ್ಬರು ನಗು ತಡೆಯಲಾರದೆ ಕೆಮ್ಮಿದರು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು. ಮನೆಯವರೆಗೂ ದಾರಿಯುದ್ದಕ್ಕೂ ನನ್ನನ್ನು ಬೈದರು: ಮಾನ ಕಳೆದೆ, ಮಗನನ್ನು ಕೆಡಿಸಿದೆ, ಹುಟ್ಟಿದ ಮನೆಯಲ್ಲಿ ಏನು ಕಲಿಸಿದರು. ನನ್ನ ತೋಳಿನ ಮೇಲೆ ಸಗಣಿಯ ಐದು ಬೆರಳು ಮೂಡಿದ್ದವು. ಅಮಲ್ದಾರರಿಂದ ಯಾರೂ ಬರಲಿಲ್ಲ. ಆವತ್ತಿನಿಂದ ಏಣಿ ಕೊಟ್ಟಿಗೆಗೆ ಹೋಗುವುದೂ ನಿಂತಿತು.

ಆರು ತಿಂಗಳು ತುಂಬಿದ ವಾರ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಶನಿವಾರ ಮಗ ರೈಲಿಳಿದು ಬಾಗಿಲಿಗೆ ಬಂದಾಗ ಅತ್ತೆ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಒಳಗೆ ಹೋಗಿ ದೇವರ ಗೂಡಿನ ಮುಂದೆ ತುಂಬ ಹೊತ್ತು ಕೂತಿದ್ದರು. ಒಂದು ಮಾತು ಹೇಳಿಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವಲ್ಲ ಎಂದು ಈಗಲೂ ನನ್ನ ಮಕ್ಕಳು ಕೇಳುತ್ತಾರೆ. ನಿಜ, ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಮಾಘ ಮಾಸದಲ್ಲಿ, ರಾಗಿ ಒಕ್ಕಣೆ ಮುಗಿದು ಕೈ ಸ್ವಲ್ಪ ಬಿಡುವಾದಾಗ, ಮಾವ ಪಂಚಾಂಗ ಓದುತ್ತ ‘ಪುಷ್ಯ ನಕ್ಷತ್ರ’ ಅಂದದ್ದು ಅತ್ತೆಯ ಕಿವಿಗೆ ಬಿತ್ತು. ಬೇಳೆ ಆರಿಸುತ್ತಿದ್ದವರು ತಲೆ ಎತ್ತಿದರು.

“ಪುಷ್ಯ ಅಂದ್ರೆ ಮಳೆ ಅಲ್ವಾ?”

“ಮಳೆಗೆ ಆ ನಕ್ಷತ್ರದ ಹೆಸ್ರು ಕಣೆ,” ಅಂದರು ಮಾವ.

“ಹಂಗಾದ್ರೆ ಆಕಾಶದಾಗೆ ಐತಾ ಅದು? ಯಾರ್ ನೋಡವ್ರೆ?”

ಮಾವನೂ ನೋಡಿರಲಿಲ್ಲ. ಹುಟ್ಟಿದಾಗಿನಿಂದ ಪುಷ್ಯ ಮಳೆ, ಆಶ್ಲೇಷ ಮಳೆ ಎಂದು ಲೆಕ್ಕ ಹಾಕಿ ಹೊಲ ಉತ್ತವರು. ಆ ಹೆಸರಿನ ನಕ್ಷತ್ರ ಯಾವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುನರ್ವಸುವಿನ ಜೋಡಿ ನಕ್ಷತ್ರಗಳನ್ನೂ ಮಘೆಯನ್ನೂ ಮಾವ ಬಲ್ಲರು. ಪುಷ್ಯ ಅವೆರಡರ ನಡುವೆ ಎಲ್ಲೋ ಇರಬೇಕು, ಆದರೆ ಅಲ್ಲಿ ಬರೀ ಖಾಲಿ ಎಂದರು.

ನಾನು ಸತತವಾಗಿ ಕೆಲವು ಸಂಜೆ ಹುಡುಕಿದೆ. ಪುನರ್ವಸುವಿನಿಂದ ಇಳಿದು ಬಂದರೆ ಅರ್ಧ ದಾರಿಯಲ್ಲಿ ತಪ್ಪುತ್ತಿದ್ದೆ. ಮಘೆಯಿಂದ ಹತ್ತಿದರೂ ಅಷ್ಟೇ. ನಡುವೆ ಕಾಲಿಡಲು ಒಂದೂ ದೊಡ್ಡ ನಕ್ಷತ್ರವಿಲ್ಲ. ನನ್ನ ಬರಿಗಣ್ಣಿಗಂತೂ ಅಲ್ಲಿ ಏನೂ ಇರಲಿಲ್ಲ. ಒಂದು ಸಂಜೆ ಏಣಿ ಕಿರುಗುಟ್ಟಿತು. ಅತ್ತೆ ಹತ್ತಿ ಬಂದು ಪಕ್ಕದಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡರು.

“ಎಲ್ಲಿ ಹುಡುಕ್ತಿದ್ದೀಯಾ?”

ಕೈ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಅವರ ಕಣ್ಣು ಹದ್ದಿನ ಕಣ್ಣು, ದೂರದ ಹೊಲದಲ್ಲಿ ಮೇಯುವ ಹಸು ಯಾರ ಮನೆಯದೆಂದು ಹೇಳುತ್ತಿದ್ದರು.

“ಖಾಲಿ ಏನಿಲ್ಲ. ಅಲ್ಲೊಂದು ಮಂಜು ಕಟ್ದಂಗೈತೆ ನೋಡು. ಉಸಿರು ಬಿಟ್ಟಂಗೆ.”

“ನನಗೆ ಕಾಣಲ್ಲ ಅತ್ತೆ. ನೀವೇ ಹೇಳಿ, ಕೊಳವೆ ಎತ್ತ ತಿರುಗಿಸಲಿ?”

ಅವರು ನನ್ನ ಬೆನ್ನ ಹಿಂದೆ ಕೂತು ಭುಜದ ಮೇಲಿಂದ ಕೊಳವೆಯ ನೇರಕ್ಕೆ ನೋಡಿದರು. “ಮ್ಯಾಲಕ್ಕೆ. ಅಷ್ಟಲ್ಲ, ನೀನೊಂದು. ಎಡಕ್ಕೆ. ಇನ್ನೊಂಚೂರು. ಹಾಂ, ತಡಿ, ದಾಟೋಯ್ತು, ಹಿಂದಕ್ಕೆ ಬಾ.”

ಕಪ್ಪಿನೊಳಗೆ ಏನೋ ಹಾದುಹೋಯಿತು. ಹಿಂದಕ್ಕೆ ತಂದೆ. ಮರಳಿನ ಚೀಲವನ್ನು ಅಂಗೈಯಿಂದ ಒತ್ತಿದೆ. ಬಂತು. ಒಂದಲ್ಲ, ಲೆಕ್ಕ ಸಿಗದಷ್ಟು. ಕೊಳವೆಯ ಬಾಯಿ ತುಂಬ ಸಣ್ಣ ಸಣ್ಣ ಚುಕ್ಕಿಗಳು. ಓರೆಯಾಗಿ ನೋಡಿದಂತೆಲ್ಲ ಅವುಗಳ ಹಿಂದೆ ಇನ್ನೂ ಮಂಕಾದವು ಎದ್ದು ಬರುತ್ತಿದ್ದವು.

ಉಸಿರು ಬಿಗಿಹಿಡಿದು ಮೆಲ್ಲಗೆ ಸರಿದು ಅತ್ತೆಗೆ ಜಾಗ ಬಿಟ್ಟೆ. ಕೊಳವೆಯನ್ನು ಅವರ ಕಣ್ಣ ಅಳತೆಗೆ ಹೊರಕ್ಕೆ ಎಳೆದುಕೊಟ್ಟೆ. ಅವರು ಮೊಣಕಾಲೂರಿ ಕಣ್ಣಿಟ್ಟರು. ಕೆಳಗಿನಿಂದ ಎದುರು ಮನೆಯಾಕೆ ಕೆಂಡ ಕೇಳಲು ಬಂದು ಕೂಗಿದಳು. ಅತ್ತೆ ಅಲುಗಲಿಲ್ಲ. ಆಕೆ ಮತ್ತೆ ಕೂಗಿದಾಗ, ಕಣ್ಣು ತೆಗೆಯದೆಯೇ, “ಒಲೇಲೈತೆ, ನೀನೇ ತಗೊಂಡೋಗು. ನಾನು ಪುಷ್ಯ ನೋಡ್ತಾ ಇವ್ನಿ,” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

“ಏನ್ ನೋಡ್ತಿದ್ದೀಯಾ?” ಅಂದಳು ಆಕೆ.

“ಪುಷ್ಯ ಕಣೇ, ಪುಷ್ಯ. ಸಾಸಿವೆ ಚೆಲ್ಲಿದಂಗೈತೆ.”

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನನ್ನ ಸೆರಗು ಜಗ್ಗಿದರು. ಆಕಾಶ ತಿರುಗುತ್ತಿದ್ದಂತೆ ನಕ್ಷತ್ರಗಳೆಲ್ಲ ಕೊಳವೆಯ ಒಂದು ಅಂಚಿಗೆ ಸರಿದು ಆಚೆ ಹೊರಟುಹೋಗಿದ್ದವು.

“ಓಡೋಯ್ತು. ಹಿಡಿ,” ಅಂದರು.

ನಾನು ಕೊಳವೆ ತೆಗೆದುಕೊಂಡು ಪುನರ್ವಸುವಿನಿಂದ ಮತ್ತೆ ಶುರುಮಾಡಿದೆ.